ಗುರುವಾರದ ಎರಡು ಪಿರಿಯಡ್

ಇಸಳೂರು, ಶಿರಸಿ
೧೬ ಜೂನ್ ೨೦೨೫

ಚಿ. ಶರೀಫಾಳಿಗೆ ಸಂಗಯ್ಯ ಕಾಕಾನ ಆಶೀರ್ವಾದ.

ಮೊನ್ನೆ ಶನಿವಾರ, ಜೂನ್ ಹದಿನಾಲ್ಕರಂದು, ಶಿರಸಿಯಲ್ಲಿ ನಡೆದ ಹೈಸ್ಕೂಲು ಶಿಕ್ಷಕರ ತರಬೇತಿಯಲ್ಲಿ ಕನ್ನಡ ಶಿಕ್ಷಕರನ್ನು ಕಂಪ್ಯೂಟರ್ ಕೋಣೆಯಿಂದ ಎಬ್ಬಿಸಿ ಹೊರಗೆ ಕಳಿಸಲಾಯಿತು. ಯಾರೋ ಹೇಳಿದ್ದಲ್ಲ, ಕಣ್ಣಾರೆ ಕಂಡಿದ್ದೇನೆ. ಯಲ್ಲಾಪುರದಿಂದ ನೀನು ಬಂದಿದ್ದೀಯೆಂದು ತಿಳಿದು ಬನವಾಸಿಯ ಅನಾನಸು ಹಿಡಿದುಕೊಂಡು ಬಂದೆ. ನೋಡಿದರೆ ನೀವೆಲ್ಲ ವೆರಾಂಡಾದಲ್ಲಿ ಸಾಲಾಗಿ ಕೂತು ದುಂಡಗೆ ಅಕ್ಷರ ಬರೆಯುತ್ತಿದ್ದಿರಿ! ಒಳಗೆ ಗಣಿತ, ವಿಜ್ಞಾನದವರು ವೆಬ್ ಪುಟ ಮಾಡುವುದನ್ನು ಕಲಿಯುತ್ತಿದ್ದರು. ಬಾಗಿಲಲ್ಲಿದ್ದ ತರಬೇತುದಾರನನ್ನು ಕೇಳಿದೆ, "ಇವರನ್ನ ಯಾಕ ಹೊರಗ ಕುಂದ್ರಿಸೀರಿ?" ಅವನು ನಕ್ಕ. "ಕನ್ನಡದವರಿಗೆ ಇಂಟರ್‌ನೆಟ್ ಎಂತಕ್ಕೆ ಅಜ್ಜಾ? ಪದ್ಯ ಹೇಳ್ಸೋಕೆ ಬಾಯಿ ಸಾಕು."

ಈ ಮಾತು ನನಗೆ ಹೊಸದಲ್ಲ. ನಮ್ಮ ಪ್ರೆಸ್ಸಿಗೆ ಮೊದಲ ಕಂಪ್ಯೂಟರ್ ಬಂದ ವರ್ಷ ನೀನು ಇನ್ನೂ ಲಂಗ ತೊಡುವ ಹುಡುಗಿ. ನಿಮ್ಮಪ್ಪ ಜಹಾಂಗೀರ್ ಹುಬ್ಬಳ್ಳಿಯಿಂದ ಲಾರಿಯಲ್ಲಿ ಕಾಗದ ತಂದು ಇಳಿಸುವಾಗ ನೀನು ನನ್ನ ಮೇಜಿನ ಪಕ್ಕ ಕೂತು, ನಾನು ತಿದ್ದಿ ಎಸೆದ ಕರಡುಗಳನ್ನು ಓದುತ್ತಿದ್ದೆ. ಆಗ ಮಾಲೀಕರು ಇಂಗ್ಲಿಷ್ ಕೆಲಸವನ್ನಷ್ಟೇ ಆ ಯಂತ್ರಕ್ಕೆ ಕೊಟ್ಟರು. ಕನ್ನಡದ ಕೆಲಸ ಅಚ್ಚಿನ ಮೊಳೆ ಜೋಡಿಸುವವರ ಕೈಯಲ್ಲೇ ಉಳಿಯಿತು. "ಕನ್ನಡಕ್ಕೆ ಅವಸರ ಇಲ್ಲ ಸಂಗಯ್ಯ" ಎಂದಿದ್ದರು. ಅವಸರವಿಲ್ಲದ್ದು ಎಂದು ಒಮ್ಮೆ ಹೆಸರು ಬಿದ್ದರೆ ಅದಕ್ಕೆ ಸರದಿಯೇ ಬರುವುದಿಲ್ಲ.

ನೀನು ಇಂದೇ ಶಿಕ್ಷಣ ಇಲಾಖೆಯ ಕಚೇರಿಗೆ ಲಿಖಿತ ಆಕ್ಷೇಪಣೆ ಬರೆ. ನಾನೂ ಒಂದನ್ನು ಬರೆಯುತ್ತಿದ್ದೇನೆ. ಫೋನು ಮಾಡಬೇಡ. ಫೋನಿನಲ್ಲಿ ಆಡಿದ್ದನ್ನು ನಾಳೆ ಯಾರೂ ಒಪ್ಪುವುದಿಲ್ಲ.

ಸಂಗಯ್ಯ

*

ಯಲ್ಲಾಪುರ
೨೪ ಜೂನ್ ೨೦೨೫

ಪ್ರೀತಿಯ ಸಂಗಯ್ಯ ಕಾಕಾ, ಸಲಾಂ.

ಆಕ್ಷೇಪಣೆ ಬರೆಯಲಿಲ್ಲ. ಸಿಟ್ಟಾಗಬೇಡಿ, ಪೂರ್ತಿ ಓದಿ.

ಆ ವೆರಾಂಡಾದಲ್ಲಿ ನನಗೆ ಕಿಟಕಿಯ ಪಕ್ಕದ ಜಾಗ ಸಿಕ್ಕಿತ್ತು. ಅಕ್ಷರ ದುಂಡಗೆ ಬರೆಯುತ್ತ ಒಳಗಿನ ಗೋಡೆಯ ಮೇಲೆ ಬೀಳುತ್ತಿದ್ದ ಚಿತ್ರವನ್ನೇ ನೋಡುತ್ತಿದ್ದೆ. ಒಂದೇ ಪುಟ, ಹತ್ತು ಜನ ಹತ್ತು ಕಂಪ್ಯೂಟರಿನಿಂದ ಒಟ್ಟಿಗೆ ಬರೆಯುತ್ತಿದ್ದರು. ಒಬ್ಬರ ಸಾಲಿನ ಕೆಳಗೆ ಇನ್ನೊಬ್ಬರ ಸಾಲು ಕಣ್ಣೆದುರೇ ಮೂಡುತ್ತಿತ್ತು. ಅವರು ಅದರಲ್ಲಿ ಏನು ಬರೆದರು ಗೊತ್ತೇ? ತಂತಮ್ಮ ಹೆಸರು ಮತ್ತು ಮೊಬೈಲ್ ನಂಬರು! ನನ್ನ ಕೈ ತುರಿಸಿತು. ಇದು ನಮಗೆ, ಭಾಷೆಯವರಿಗೆ, ಬೇಕಾದದ್ದಲ್ಲವೇ ಎಂದುಕೊಂಡೆ.

ಭಾನುವಾರ ಶಾಲೆಯ ಕೀಲಿ ಇಸಿದುಕೊಂಡು ಹೋಗಿ ಕೂತೆ. ಮೊದಲು ಕನ್ನಡ ಅಕ್ಷರವೇ ಬರಲಿಲ್ಲ. ಬಂದ ಮೇಲೆ ಒತ್ತಕ್ಷರ ಬರಲಿಲ್ಲ. ಪುಟ ತೆರೆದೆ, ಕಳೆದುಕೊಂಡೆ, ಮತ್ತೆ ಸಿಕ್ಕಿತು. ಈಗ ಬರುತ್ತದೆ ಕಾಕಾ! ನಿನ್ನೆ ಒಂಬತ್ತನೇ ತರಗತಿಯವರನ್ನು ಊಟದ ಬಿಡುವಿನಲ್ಲಿ ಕೂರಿಸಿದೆ. ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಲು ನಾಲ್ಕು ದಿನ ತೆಗೆದುಕೊಳ್ಳುವ ಫರಾಜ್, ಗಂಟೆ ಬಾರಿಸಿದರೂ ಏಳಲಿಲ್ಲ.

ತೊಂದರೆ ಇರುವುದು ಬೇರೆ ಕಡೆ. ನಮ್ಮ ವೇಳಾಪಟ್ಟಿಯಲ್ಲಿ ಕಂಪ್ಯೂಟರ್ ಕೋಣೆ ಗಣಿತ, ವಿಜ್ಞಾನಕ್ಕೆ ಮಾತ್ರ. ಗುರುವಾರದ ಕೊನೆಯ ಎರಡು ಪಿರಿಯಡ್ ಖಾಲಿ ಇದೆ. ಕೇಳಿದೆ. ಹೆಡ್‌ಮಾಸ್ತರರು, "ಶಾಲಾ ಸಮಿತಿ ಒಪ್ಪಿದ್ರೆ ನಂದೇನೂ ತಕರಾರಿಲ್ಲ" ಎಂದರು. ಜುಲೈ ಇಪ್ಪತ್ತಾರಕ್ಕೆ ಸಮಿತಿಯವರು ಬಂದು ಪಾಠ ನೋಡುತ್ತಾರೆ. ಅವರಿಗೆ ಹಿಡಿಸದಿದ್ದರೆ ಬಿಡುವಿನ ಹೊತ್ತಿನಲ್ಲಿ ಹೀಗೆ ಕದ್ದು ಕೂರುವುದೂ ನಿಲ್ಲುತ್ತದೆ. ಅಲ್ಲಿಯವರೆಗೆ ದಯವಿಟ್ಟು ಎಲ್ಲಿಗೂ ದೂರು ಕಳಿಸಬೇಡಿ.

ಅನಾನಸು ಅಬ್ಬಾಗೆ ತುಂಬ ಹಿಡಿಸಿತು.

ನಿಮ್ಮ ಶರೀಫಾ

*

ಇಸಳೂರು
೨ ಜುಲೈ ೨೦೨೫

ಚಿ. ಶರೀಫಾಳಿಗೆ,

ನಿನ್ನ ಪತ್ರ ಬರುವ ಮೊದಲೇ ಕಚೇರಿಗೆ ಬರೆದ ನನ್ನ ದೂರು ಅಂಚೆಗೆ ಬಿದ್ದಿತ್ತು. ಎರಡೇ ಪುಟ. ಹೆಸರು, ವಿಳಾಸ, ಸಹಿ ಎಲ್ಲ ಇದೆ. ಪ್ರೆಸ್ಸಿನಲ್ಲಿದ್ದಷ್ಟು ಕಾಲ ಅನಾಮಧೇಯ ಪತ್ರಗಳನ್ನು ಓದದೆ ಬುಟ್ಟಿಗೆ ಹಾಕಿದವನು ನಾನು. ಹೇಳುವುದಿದ್ದರೆ ಹೆಸರು ಹಾಕಿ ಹೇಳಬೇಕು.

ಇನ್ನು ನಿನ್ನ ಪುಟದ ಸಂಗತಿ. ಹತ್ತು ಕೈ ಒಂದೇ ಹಾಳೆಯಲ್ಲಿ ಆಡಿದರೆ ಅದು ಬರಹವೋ ಮಂಗಳವಾರದ ಸಂತೆಯೋ? ಬರೆಯುವವನು ಒಬ್ಬನೇ ಕೂತು ಬರೆಯಬೇಕು, ತಿದ್ದುವವನು ಒಬ್ಬನೇ ಕೂತು ತಿದ್ದಬೇಕು. ನಿನ್ನನ್ನು ಹೊರಗೆ ಹಾಕಿದ್ದಕ್ಕೆ ನನಗೆ ಸಿಟ್ಟಿದೆ. ಒಳಗೆ ಇರುವುದೆಲ್ಲ ಒಳ್ಳೆಯದು ಎಂದು ನಾನು ಹೇಳಿಲ್ಲ.

ಅದಿರಲಿ, ಆ ಫರಾಜ್ ಏನು ಬರೆದ?

ಸಂಗಯ್ಯ

*

ಯಲ್ಲಾಪುರ
೧೦ ಜುಲೈ ೨೦೨೫

ಕಾಕಾ,

ಕೇಳಿದಿರಲ್ಲ, ಕುಣಿದುಬಿಟ್ಟೆ!

'ನಮ್ಮ ಮನೆಯಲ್ಲಿ ಎಲ್ಲರೂ ಸುಮ್ಮನಾಗುವ ಹೊತ್ತು' ಎಂದು ವಿಷಯ ಕೊಟ್ಟೆ. ಪ್ರಬಂಧದ ಪುಸ್ತಕದಲ್ಲಿ ಇಲ್ಲದ ವಿಷಯ, ಎಲ್ಲಿಂದಲೂ ನಕಲು ಮಾಡಲು ಬರುವುದಿಲ್ಲ. ಫರಾಜ್‌ನ ಅಪ್ಪ ಅಂಕೋಲಾ ಕಡೆಗೆ ಲಾರಿ ಹೊಡೆಯುತ್ತಾರೆ. ಅವನು ಬರೆದದ್ದು ಇದು: "ರಜೆಯಲ್ಲಿ ನಾನೂ ಲಾರಿಯಲ್ಲಿ ಹೋಗುತ್ತೇನೆ. ದಾರಿಯುದ್ದಕ್ಕೂ ಹಾಡು. ಅರಬೈಲು ಘಟ್ಟ ಶುರುವಾದ ಕೂಡಲೇ ಅಬ್ಬಾ ಹಾಡು ಬಂದ್ ಮಾಡುತ್ತಾರೆ. ಬ್ರೇಕಿನ ಸದ್ದು ಕೇಳಬೇಕಲ್ಲ. ಆಗ ಕ್ಲೀನರ್ ಅಂಕಲ್ ಕೂಡ ಕೆಮ್ಮುವುದಿಲ್ಲ." ಮಂಚಿಕೇರಿಯಿಂದ ಬರುವ ಮಮತಾ, ಅವಳಪ್ಪ ಜೇನುಪೆಟ್ಟಿಗೆ ತೆರೆಯುವ ಹೊತ್ತಿನ ಬಗ್ಗೆ ಬರೆದಿದ್ದಾಳೆ. ಪೆಟ್ಟಿಗೆ ಮುಚ್ಚಿದ ಮೇಲೂ ಮನೆಯವರು ಸ್ವಲ್ಪ ಹೊತ್ತು ಪಿಸುಮಾತಿನಲ್ಲೇ ಮಾತಾಡುತ್ತಾರಂತೆ. ಮುಸ್ಕಾನ್ ಈದ್ ಹಬ್ಬದ ಚಂದ್ರನನ್ನು ಹುಡುಕುವ ಸಂಜೆ, ಇಡೀ ಓಣಿ ತಲೆ ಎತ್ತಿ ನಿಲ್ಲುವುದನ್ನು ಬರೆದಿದ್ದಾಳೆ.

ಒಬ್ಬರದನ್ನು ಇನ್ನೊಬ್ಬರು ಓದುತ್ತಾರೆ, ಪಕ್ಕದಲ್ಲಿ ಪ್ರಶ್ನೆ ಹಾಕುತ್ತಾರೆ. "ಜೇನು ಕಚ್ಚಿದ್ರೆ ಆಗಲೂ ಸುಮ್ನೆ ಇರ್ತಿಯಾ?" ಎಂದು ಫರಾಜ್ ಕೇಳಿದ್ದಕ್ಕೆ ಮಮತಾ ಅದೇ ದಿನ ಆರು ಸಾಲು ಹೆಚ್ಚಿಗೆ ಬರೆದಳು. ಇಷ್ಟು ವರ್ಷ ನಾನು ಕೆಂಪು ಶಾಯಿಯಲ್ಲಿ 'ವಿಸ್ತರಿಸಿ' ಎಂದು ಬರೆಯುತ್ತಿದ್ದೆ. ಒಬ್ಬರೂ ವಿಸ್ತರಿಸಿರಲಿಲ್ಲ.

ಮಕ್ಕಳಿಗೆ ಸ್ವಂತ ಖಾತೆ ಇಲ್ಲ. ಅದಕ್ಕೇ ಪುಟದ ಕೊಂಡಿ (ಲಿಂಕ್) ಇದ್ದವರೆಲ್ಲ ಒಳಗೆ ಬರುವ ಹಾಗೆ ಮಾಡಿದ್ದೇನೆ. ಅದನ್ನೇ ನಿಮ್ಮ ಸೊಸೆ ದಾಕ್ಷಾಯಿಣಿಯ ಫೋನಿಗೂ ಕಳಿಸಿದ್ದೇನೆ. ಅವಳ ಲ್ಯಾಪ್‌ಟಾಪಿನಲ್ಲಿ ದೊಡ್ಡದಾಗಿ ಕಾಣುತ್ತದೆ. ನೋಡಿ ಹೇಳಿ.

ಶರೀಫಾ

*

ಇಸಳೂರು
೨೭ ಜುಲೈ ೨೦೨೫

ಚಿ. ಶರೀಫಾಳಿಗೆ,

ನಿನ್ನೆ ಶನಿವಾರ ಬೆಳಿಗ್ಗೆ ನನ್ನ ಮೇಲೆ ಒಂದು ಅತಿಕ್ರಮಣ ನಡೆದಿದೆ. ನಿನಗೆ ತಿಳಿಸದೆ ಇರಲಾರೆ.

ನೀನು ಕಳಿಸಿದ ಪ್ರತಿಯನ್ನು ದಾಕ್ಷಾಯಿಣಿ ತೆರೆದುಕೊಟ್ಟಳು. ಮಕ್ಕಳ ಬರಹ ಚೆನ್ನಾಗಿದೆ, ಆದರೆ ಬೇಡದ ಪದಗಳ ಕೊಬ್ಬು ಜಾಸ್ತಿ. ನನ್ನ ಪ್ರತಿ ನನ್ನ ಮನೆಯಲ್ಲಿದೆ, ಸಮಿತಿಯ ಕೆಲಸ ಮುಗಿದ ಮೇಲೆ ತಿದ್ದಿದ್ದನ್ನು ನಿನಗೆ ಕಳಿಸಿದರಾಯಿತು ಎಂದುಕೊಂಡು ಕೂತೆ. ಬೇಡದ್ದನ್ನು ಹೊಡೆಯುತ್ತ ಬಂದೆ. 'ಅತ್ಯಂತ' ಎಂದಿದ್ದಲ್ಲೆಲ್ಲ ತೆಗೆದೆ. ಲಾರಿಯ ಹುಡುಗನ ಹಾಡಿನ ಸಾಲು ತೆಗೆದೆ. ಲಾರಿ ಘಟ್ಟ ಇಳಿಯಿತು ಎಂದರೆ ಸಾಕು, ಹಾಡು ಯಾಕೆ? ಜೇನಿನ ಪಿಸುಮಾತೂ ತೆಗೆದೆ.

ತೆಗೆದದ್ದು ವಾಪಸು ಬಂತು! ಮತ್ತೆ ತೆಗೆದೆ. ಮತ್ತೆ ಬಂತು, ಜೊತೆಗೆ "ಇದು ಬೇಕು" ಎಂಬ ಎರಡು ಪದ. ನನ್ನ ಮನೆಯಲ್ಲಿ, ನನ್ನ ಪ್ರತಿಯಲ್ಲಿ, ಯಾವನೋ ಕೂತಿದ್ದಾನೆ! ನಾನು ಬರೆದೆ: "ಯಾರು ನೀವು? ಹೆಸರು ತಿಳಿಸಿ." ಉತ್ತರ ಬಂತು: "ನೀನ್ಯಾರು? ನೀನ್ ಹೇಳು ಮೊದ್ಲು." ಎಪ್ಪತ್ತೈದು ದಾಟಿದವನಿಗೆ ಏಕವಚನ! ಪುಟದ ಮೇಲುಗಡೆ ಕಪ್ಪೆ, ಮೊಲ, ಇನ್ನೂ ಏನೇನೋ ಪ್ರಾಣಿಗಳ ಸಣ್ಣ ಚಿತ್ರಗಳಿದ್ದವು. ಮಕ್ಕಳ ಪುಟವಾದ್ದರಿಂದ ಅಲಂಕಾರಕ್ಕೆ ಹಾಕಿದ್ದೀಯೆಂದು ಸುಮ್ಮನಿದ್ದೆ. ಇಷ್ಟು ಸಾಲದು ಎಂಬಂತೆ ಯಾವನೋ ಕಿಡಿಗೇಡಿ ಐದಾರು ಕಡೆ ವಿಷಯಕ್ಕೆ ಸಂಬಂಧವೇ ಇಲ್ಲದ ಆನೆಯ ಪ್ರಸ್ತಾಪ ತುರುಕಿದ್ದ. "ಆನೆ, ಹೊರಗೆ ಹೋಗು", "ಆನೆಗೆ ನಾಚಿಕೆ ಇಲ್ಲ". ಅದನ್ನೂ ಹೊಡೆದು ಹಾಕಿದೆ. ಲಾರಿಯ ಕಥೆಯಲ್ಲಿ ಆನೆ ಎಲ್ಲಿಂದ ಬಂತು?

ಇದು ನಿಮ್ಮ ಶಾಲೆಯ ಯಾರದೋ ಕೆಲಸ. ಅಲ್ಲಿ ಕಂಪ್ಯೂಟರ್ ಕಲಿಸುವ ಮಾಸ್ತರನ ಮೇಲೆ ನನಗೆ ಗುಮಾನಿ. ಕನ್ನಡದವರು ಒಳಗೆ ಬರುವುದು ಅವನಿಗೆ ಬೇಕಿಲ್ಲ. ವಿಚಾರಿಸಿ ತಿಳಿಸು.

ಸಮಿತಿ ಏನಂದಿತು?

ಸಂಗಯ್ಯ

*

ಯಲ್ಲಾಪುರ
೩೦ ಜುಲೈ ೨೦೨೫

ಕಾಕಾ, ಸಲಾಂ.

ಪತ್ರ ತಲುಪಿತು. ವಿಚಾರಿಸುತ್ತೇನೆ. ಸಮಿತಿಯವರು ಬಂದು ನೋಡಿ ಹೋದರು. ಮೇಲಿನ ಕಚೇರಿಗೆ ಬರೆದಿದ್ದಾರೆ, ಅಲ್ಲಿಂದ ಇನ್ನೂ ಏನೂ ಬಂದಿಲ್ಲ. ಪುಟ ನೋಡುವುದನ್ನು ನಿಲ್ಲಿಸಬೇಡಿ.

ಶರೀಫಾ

*

ಇಸಳೂರು
೬ ಆಗಸ್ಟ್ ೨೦೨೫

ಚಿ. ಶರೀಫಾಳಿಗೆ,

ನಾಲ್ಕು ಸಾಲಿನ ಪತ್ರ ನಿನ್ನಿಂದ ನನಗೆ ಇದೇ ಮೊದಲು. ಅರ್ಥವಾಯಿತು. ನನ್ನ ದೂರಿನಿಂದ ನಿನಗೆ ತೊಂದರೆಯಾಗಿದೆ, ಹೇಳಲು ನಿನಗೆ ಸಂಕೋಚ. ಅಥವಾ ಆ ಪಾಠದ ದಿನ ಕಂಪ್ಯೂಟರ್ ಮಾಸ್ತರ ಏನೋ ಕಿತಾಪತಿ ಮಾಡಿದ್ದಾನೆ. ನೀನು ಹೇಳದಿದ್ದರೆ ಬಿಡು. ಅವನ ಹೆಸರು ಹಾಕಿ ಪತ್ರಿಕೆಗೆ ಒಂದು ಪತ್ರ ಬರೆದಿಟ್ಟಿದ್ದೇನೆ. ಮುಂದಿನ ವಾರ ಕಳಿಸುತ್ತೇನೆ.

ನಾನು ಆಮೇಲೆ ಆ ಪುಟವನ್ನು ಒಮ್ಮೆ ನೋಡಿದೆ. ಆ ಕಿಡಿಗೇಡಿ ಇನ್ನೂ ಅಲ್ಲೇ ಇದ್ದಾನೆ. ಆ ಚಿತ್ರಗಳು ಅಲಂಕಾರವಲ್ಲ, ಅವನ ಗುರುತು: ಒಂದು ದಿನ ಕಪ್ಪೆಯಾಗಿ ಬರುತ್ತಾನೆ, ಮರುದಿನ ನರಿ, ಆದರೆ ಮಾತಿನ ಧಾಟಿ ಒಂದೇ. ಹಾಡಿನ ಸಾಲು ಯಾಕೆ ಬೇಕು, ಕಾರಣ ಹೇಳು ಎಂದು ಸವಾಲು ಹಾಕಿದೆ. ಅವನು ಬರೆದ: "ಹಾಡು ಬಂದ್ ಆಗ್ದಿದ್ರೆ ಹೆದರಿಕೆ ಹೆಂಗ್ ಗೊತ್ತಾಗ್ತದೆ? ನೀನು ಲಾರಿಯಲ್ಲಿ ಕೂತಿದ್ಯಾ ಯಾವಾಗ್ಲಾದ್ರೂ?" ಎಷ್ಟು ಲೇಖಕರ ಕರಡು ತಿದ್ದಿದ್ದೇನೆ, ಒಬ್ಬರೂ ತಮ್ಮ ಸಾಲಿಗಾಗಿ ನನ್ನೊಡನೆ ಹೀಗೆ ಜಗಳವಾಡಿರಲಿಲ್ಲ. ನಾನು ಹೊಡೆದರೆ ಸರಿ ಎಂದು ಒಪ್ಪಿಬಿಡುತ್ತಿದ್ದರು. ಸಾಲನ್ನು ಬಿಟ್ಟುಕೊಟ್ಟೆ. ಆದರೆ ಕ್ಲೀನರನ ಕೆಮ್ಮಿನ ವಿಷಯದಲ್ಲಿ ಬಿಡುವುದಿಲ್ಲ. ನಾಳೆ ನೋಡಿಕೊಳ್ಳುತ್ತೇನೆ.

ಮನುಷ್ಯ ಕಿಡಿಗೇಡಿ, ಆದರೆ ದಡ್ಡನಲ್ಲ.

ಸಂಗಯ್ಯ

*

ಯಲ್ಲಾಪುರ
೧೧ ಆಗಸ್ಟ್ ೨೦೨೫

ಕಾಕಾ,

ಪತ್ರಿಕೆಗೆ ಬರೆದದ್ದನ್ನು ದಯವಿಟ್ಟು ಹರಿದು ಹಾಕಿ. ಕಂಪ್ಯೂಟರ್ ಮಾಸ್ತರರು ಪಾಪ, ಪಾಠದ ದಿನ ನನಗಾಗಿ ಮನೆಯಿಂದ ವೈರು ತಂದುಕೊಟ್ಟವರು.

ನಾನು ನಿಮ್ಮಿಂದ ಎರಡು ವಿಷಯ ಮುಚ್ಚಿಟ್ಟಿದ್ದೇನೆ. ಮೊದಲನೆಯದು ಇದು. ಹೆಸರು ಹೇಳದೆ ಆ ಪುಟಕ್ಕೆ ಬಂದವರಿಗೆ ಕಂಪ್ಯೂಟರೇ ಒಂದು ಪ್ರಾಣಿಯ ವೇಷ ಹಾಕುತ್ತದೆ. ತಮ್ಮ ವೇಷ ತಮಗೆ ಕಾಣುವುದಿಲ್ಲ, ಉಳಿದವರಿಗೆ ಕಾಣುತ್ತದೆ. ಪುಟ ಇರುವುದು ಒಂದೇ. ನಿಮ್ಮ ಮನೆಯಲ್ಲಿ ಒಂದು, ನಮ್ಮ ಶಾಲೆಯಲ್ಲಿ ಒಂದು ಎಂದು ಬೇರೆ ಪ್ರತಿ ಇಲ್ಲ. ಕಪ್ಪೆ ಫರಾಜ್. ಬೇರೆ ಕಂಪ್ಯೂಟರಿನಲ್ಲಿ ಕೂತ ದಿನ ನರಿಯೂ ಅವನೇ. ಮೊಲ ಮಮತಾ.

ಆನೆ ನೀವು.

ಜುಲೈ ಇಪ್ಪತ್ತಾರರಂದು ಸಮಿತಿಯವರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಪುಟವನ್ನು ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟಿದ್ದೆ. ನಾನು ಮಾತು ಶುರು ಮಾಡುವಷ್ಟರಲ್ಲಿ ಅಕ್ಷರಗಳು ಒಂದೊಂದಾಗಿ ಮಾಯವಾಗತೊಡಗಿದವು. ಮೊದಲು ಒಂದು 'ಅತ್ಯಂತ' ಹೋಯಿತು. ಇನ್ನೊಂದು 'ಅತ್ಯಂತ' ಹೋದಾಗಲೇ ನನಗೆ ಗೊತ್ತಾಯಿತು ಯಾರೆಂದು. ಚಿಕ್ಕಂದಿನಲ್ಲಿ ನಿಮ್ಮ ಕರಡುಗಳಲ್ಲಿ ಆ ಪದದ ಮೇಲೆ ಗೆರೆ ಇಲ್ಲದ ಹಾಳೆಯನ್ನೇ ನಾನು ಕಂಡಿಲ್ಲ. ಫರಾಜ್ ಕಿರುಚಿದ, "ಟೀಚರ್, ಆನೆ ಗದ್ದೆಗೆ ಬಂತು! ನನ್ ಸಾಲು ತಿಂತಾ ಇದೆ!" ಮಮತಾಗೆ ಅಳುವೇ ಬಂತು. "ಅದು ಆನು ಬರದ್ದು, ತೆಗ್ಯಡಿ!" ಎಂದು ತನ್ನ ಮನೆಮಾತಿನಲ್ಲೇ, ತಾನು ಬರೆದದ್ದನ್ನು ತೆಗೆಯಬೇಡಿರೆಂದು, ಗೋಡೆಗೆ ಹೇಳುತ್ತಿದ್ದಳು.

ಒಂದು ಗುಂಡಿ ಒತ್ತಿದರೆ ನಿಮ್ಮನ್ನು ಹೊರಗೆ ಹಾಕಬಹುದಿತ್ತು. ಕೈ ಅಲ್ಲೇ ಇತ್ತು. ಫರಾಜ್ ಓಡಿ ಬಂದು, "ಬ್ಲಾಕ್ ಮಾಡ್ಬೇಡಿ ಟೀಚರ್, ನಾ ನೋಡ್ಕೊಳ್ತೆ ಅದ್ನ" ಎಂದ. ಆಮೇಲಿನದು ನಿಮಗೇ ಗೊತ್ತು. ಇಡೀ ತರಗತಿ ತನ್ನ ತನ್ನ ಸಾಲಿಗಾಗಿ ನಿಂತಿತು. ನೀವು ಹೊಡೆಯುತ್ತೀರಿ, ಅವರು ಬರೆಯುತ್ತಾರೆ. ಒಂದೆರಡು ಕಡೆ ನೀವು ಹೊಡೆದ ಮೇಲೆ ಓದಿ ನೋಡಿ, "ಏ, ಇದು ಆನೆ ಹೇಳಿದ್ದೇ ಚಂದ ಇದೆ, ಬಿಡ್ರೋ" ಎಂದು ಬಿಟ್ಟರು. ಸಮಿತಿಯ ಅಧ್ಯಕ್ಷೆ ರಾಜೀವಿ ಅಕ್ಕ ಬೆಂಚಿನಿಂದ ಎದ್ದು ಗೋಡೆಯ ಹತ್ತಿರವೇ ಬಂದುಬಿಟ್ಟರು. "ಜೂನಲ್ಲಿ ಲೆಕ್ಕದ ಪಾಠ ತೋರ್ಸಿದ್ರಲ್ಲ, ನಂಗೆ ಆಕಳಿಕೆ ಬಂದಿತ್ತು ಮಾರಾಯ್ತಿ. ಇದ್ರಲ್ಲಿ ಆನೆ ಗೆಲ್ತದೋ ಹುಡ್ರು ಗೆಲ್ತಾರೋ ನೋಡ್ದೆ ಹೋಗೂದಿಲ್ಲ" ಎಂದರು. ಗುರುವಾರದ ಎರಡು ಪಿರಿಯಡ್ ಕನ್ನಡಕ್ಕೆ ಎಂದು ಅಲ್ಲೇ ನಿರ್ಣಯ ಬರೆದರು ಕಾಕಾ! ಅದನ್ನೇ ಮೇಲಿನ ಕಚೇರಿಗೆ ಕಳಿಸಿದರು.

ನಿಮಗೆ ಯಾಕೆ ಹೇಳಲಿಲ್ಲ? ಹೇಳಿದರೆ ನೀವು ಪುಟಕ್ಕೆ ಬರುವುದನ್ನು ನಿಲ್ಲಿಸುತ್ತಿದ್ದಿರಿ. ಮಕ್ಕಳಿಗೂ ಹೇಳಲಿಲ್ಲ. ಶಿರಸಿಯ ದೊಡ್ಡವರು, ಟೀಚರಿಗೇ ಕಲಿಸಿದವರು ಎಂದು ತಿಳಿದರೆ ಕೈಕಟ್ಟಿ, "ಹೌದು ಸರ್, ತಪ್ಪಾಯ್ತು ಸರ್" ಎಂದು ಬಿಡುತ್ತಾರೆ. ಒಂದು ಸಾಲಿಗೂ ಜಗಳವಾಡುವುದಿಲ್ಲ. ಈಗ ನೋಡಿ, ಬೆಳಿಗ್ಗೆ ಬಂದವರೇ ಕೇಳುತ್ತಾರೆ: "ಆನೆ ಬಂತಾ?" ನೀವು ಒಮ್ಮೆ ನೋಡಿದೆ ಎಂದು ಬರೆದಿದ್ದೀರಿ. ಆನೆ ದಿನವೂ ಬರುತ್ತಿದೆ ಕಾಕಾ.

ಎರಡನೆಯದು ನಗುವ ವಿಷಯವಲ್ಲ. ಆಗಸ್ಟ್ ಐದಕ್ಕೆ ಕಚೇರಿಯಿಂದ ಪತ್ರ ಬಂದಿದೆ. "ಕಂಪ್ಯೂಟರ್ ಕೊಠಡಿಯ ಬಳಕೆ ಕುರಿತು ಸಾರ್ವಜನಿಕರಿಂದ ದೂರು ಬಂದಿರುವ ಹಿನ್ನೆಲೆಯಲ್ಲಿ, ಭಾಷಾ ವಿಷಯಗಳಿಗೆ ಸದರಿ ಕೊಠಡಿಯನ್ನು ಮುಂದಿನ ಆದೇಶದವರೆಗೆ ನೀಡತಕ್ಕದ್ದಲ್ಲ." ದೂರು ನಿಮ್ಮದು. ಬೇರೆ ಯಾರೂ ಬರೆದಿಲ್ಲ ಎಂದು ಹೆಡ್‌ಮಾಸ್ತರರು ಫೋನ್ ಮಾಡಿ ಕೇಳಿ ತಿಳಿದುಕೊಂಡರು. ಕೆಳಗೆ 'ಪರವಾಗಿ' ಎಂದು ಬರೆದು ಒಂದು ಗೀಚು ಇದೆ. ಹೆಸರಿಲ್ಲ. ಕಳೆದ ಗುರುವಾರ ಕೋಣೆಗೆ ಬೀಗ ಹಾಕಿತ್ತು. ಮಕ್ಕಳು ಬಾಗಿಲ ಮುಂದೆ ನಿಂತು ನನ್ನ ಮುಖ ನೋಡಿದರು. ಮನೆಯಲ್ಲಿ ಫೋನ್ ಸಿಕ್ಕವರು ಅದರಲ್ಲೇ ಬರೆಯುತ್ತಿದ್ದಾರೆ. ಉಳಿದವರಿಗೆ ಪುಟವಿಲ್ಲ. ಮಮತಾ ಉಳಿದವರಲ್ಲಿ ಒಬ್ಬಳು.

ನೀವು ನೊಂದುಕೊಳ್ಳುತ್ತೀರೆಂದು ಬರೆಯಲು ತಡಮಾಡಿದೆ. ಈಗ ನೊಂದುಕೊಳ್ಳಬೇಡಿ. ಏನು ಮಾಡೋಣ ಹೇಳಿ.

ಶರೀಫಾ

*

ಇಸಳೂರು
೧೪ ಆಗಸ್ಟ್ ೨೦೨೫

ಚಿ. ಶರೀಫಾಳಿಗೆ,

ಪತ್ರಿಕೆಯ ಪತ್ರ ಹರಿದೆ. ಕಂಪ್ಯೂಟರ್ ಮಾಸ್ತರರಿಗೆ ನನ್ನ ನಮಸ್ಕಾರ ಹೇಳು. ಯಾಕೆಂದು ಹೇಳಬೇಡ.

ಆನೆಯ ಸಂಗತಿ ಓದಿ ದಾಕ್ಷಾಯಿಣಿ ನಕ್ಕು ನಕ್ಕು ಅಡುಗೆಮನೆಗೆ ಓಡಿದಳು. "ಮಾವಾರ, ಇನ್ನಮ್ಯಾಲೆ ರೊಟ್ಟಿ ಎಷ್ಟು ಬಡೀಲಿ?" ಎಂದು ಅಲ್ಲಿಂದಲೇ ಕೇಳಿದಳು. ಮೊದಲ ದಿನ ನನಗೆ ನಾಚಿಕೆಯಾಯಿತು, ಎರಡನೆಯ ದಿನ ನಗು ಬಂತು. ಈಗ ಒಂದು ಮಾತು ಕೇಳಿಕೊಳ್ಳುತ್ತೇನೆ. ಮಕ್ಕಳಿಗೆ ನನ್ನ ಹೆಸರು ಹೇಳಬೇಡ. ಅವರ ಪುಟದಲ್ಲಿ ನಾನು ಆನೆಯಾಗಿಯೇ ಇರುತ್ತೇನೆ. ಹೆಸರಿಲ್ಲದೆ ಒಂದು ಸಾಲೂ ಬರೆಯದವನು ಇದನ್ನು ಹೇಳುತ್ತಿದ್ದೇನೆ. ಆ ಹುಡುಗ ನನ್ನನ್ನು ನೀನು ಎಂದು ಕರೆಯುವಷ್ಟು ದಿನ ಅವನ ಸಾಲು ಬೆಳೆಯುತ್ತದೆ.

ಏನು ಮಾಡೋಣ ಎಂದು ನೀನು ಕೇಳಿದೆ. ನಿನ್ನೆ ನಾನೇ ಒಂದು ಪುಟ ಮಾಡಿದೆ. ದಾಕ್ಷಾಯಿಣಿ ಪಕ್ಕದಲ್ಲಿ ಇರಲಿಲ್ಲ, ನಾನೇ ಮಾಡಿದೆ! ಕೊಂಡಿಯನ್ನು ಆ ಕಚೇರಿಗೆ, ರಾಜೀವಿಯವರಿಗೆ, ಅಂದು ವೆರಾಂಡಾದಲ್ಲಿ ಕೂತಿದ್ದವರಲ್ಲಿ ವಿಳಾಸ ಸಿಕ್ಕವರಿಗೆ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಪತ್ರಿಕಾ ವರದಿಗಾರರಿಗೆ ಕಳಿಸಿದ್ದೇನೆ. ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಬರೆಯಬಹುದು. ಅದರಲ್ಲಿ ಹಾಕಿದ್ದನ್ನು ಇಲ್ಲಿ ಇಳಿಸುತ್ತೇನೆ.

"೨೦೨೫ರ ಜೂನ್ ಹದಿನಾಲ್ಕರಂದು ಕನ್ನಡ ಶಿಕ್ಷಕರನ್ನು ಕಂಪ್ಯೂಟರ್ ಕೋಣೆಯಿಂದ ಹೊರಗೆ ಕಳಿಸಿದ್ದಕ್ಕೆ ನಾನು ದೂರು ಕೊಟ್ಟೆ. ಅವರನ್ನು ಒಳಗೆ ಬಿಡಿ ಎಂಬುದು ನನ್ನ ದೂರು. ಅದೇ ದೂರನ್ನು ತೋರಿಸಿ ಆಗಸ್ಟ್ ಐದರಂದು ಕನ್ನಡದ ಮಕ್ಕಳ ಮೇಲೆ ಬಾಗಿಲು ಮುಚ್ಚಿದ್ದೀರಿ. ನನ್ನ ಕಾಗದವನ್ನು ನನ್ನ ಮಕ್ಕಳ ವಿರುದ್ಧವೇ ಬಳಸಲು ನಿಮಗೆ ಅಧಿಕಾರ ಕೊಟ್ಟವರು ಯಾರು? ಭಾಷೆಗೆ ಈ ಕೋಣೆ ಸಲ್ಲದು ಎಂದು ಯಾವ ನಿಯಮ, ಯಾವ ವರ್ಷದ ಆದೇಶ ಹೇಳುತ್ತದೆ? 'ಪರವಾಗಿ' ಎಂದು ಗೀಚಿದ ಕೈ ಯಾರದು? ಹೆಸರು ಮುಚ್ಚಿಕೊಂಡು ಬರೆಯುವ ಸ್ವಾತಂತ್ರ್ಯ ಒಂಬತ್ತನೇ ತರಗತಿಯ ಮಕ್ಕಳಿಗೆ ಇರಲಿ. ಆದೇಶ ಹೊರಡಿಸುವವರಿಗೆ ಅದು ಇಲ್ಲ. ನನಗೆ ಅಂಚೆಯಲ್ಲಿ ಸಮಜಾಯಿಷಿ ಕಳಿಸಬೇಡಿ. ಇಲ್ಲಿ, ಇದೇ ಪುಟದಲ್ಲಿ, ಈ ಸಾಲಿನ ಕೆಳಗೆ, ಮೂರು ತಾಲೂಕಿನ ಜನ ಓದುವ ಹಾಗೆ, ನಿಮ್ಮ ಹೆಸರು ಹಾಕಿ ಉತ್ತರ ಬರೆಯಿರಿ: ಮುಂದಿನ ಗುರುವಾರ ಆ ಕೋಣೆಯ ಬೀಗ ತೆಗೆಯುತ್ತೀರೋ, ಇಲ್ಲವೋ?

ಸಂಗಯ್ಯ, ಇಸಳೂರು."